ಪಡುವಣ ಗಾಳಿ ಬಂದ ಸಂಜೆ

ನನಗೆ ಮೊಮ್ಮಗಳು ಹುಟ್ಟಿದಳು. ಮಗಳ ಚೊಚ್ಚಲ ಕೂಸು. ಉಗುರು ಒಂದೊಂದು ರಾಗಿ ಕಾಳಷ್ಟು. ಬೀದಿಯಲ್ಲಿ ಎದುರಾದವರಿಗೆಲ್ಲ ಹೇಳಿದೆ, ಹೇಳಿದವರಿಗೇ ಇನ್ನೊಂದು ಸಲ ಹೇಳಿದೆ. ಒಂದು ಸಂಗತಿ ಮಾತ್ರ ಯಾರಿಗೂ ಹೇಳಲಿಲ್ಲ. ಅದನ್ನು ಇಲ್ಲಿ ಬರೀತೀನಿ. ನನ್ನದು ಎರಡನೇ ಕ್ಲಾಸಿನ ಓದು, ತಪ್ಪಿದ್ದರೆ ತಿದ್ದಿಕೊಳ್ಳಿ.

ಆಗ ದೊಡ್ಡ ಯುದ್ಧ ನಡೀತಿತ್ತು, ಸೀಮೆಎಣ್ಣೆಗೂ ಪರದಾಟ. ಅರಕಲಗೂಡಿನ ಕಡೆ ನಮ್ಮೂರಲ್ಲಿ ರಾಗಿ ಕಣ. ತುಳಿಸಿ ಗುಡ್ಡೆ ಹಾಕಿದ ರಾಗಿ ಮೂರು ದಿನದಿಂದ ಹೊಟ್ಟಿನ ಸಮೇತ ಕೂತಿತ್ತು, ತೂರೋಕೆ ಗಾಳಿಯೇ ಇಲ್ಲ. ಬೇಸಿಗೆ ಹತ್ತಿರ ಬಂದಾಗ ನಮ್ಮಲ್ಲಿ ಸಂಜೆ ಹೊತ್ತು ಪಡುವಣದಿಂದ ಒಂದು ಮೆತ್ತನೆ ಗಾಳಿ ಬರುತ್ತೆ. ಮಂಗಳೂರಿಗೆ ಗಾಡಿ ಹೊಡೆದು ಬಂದಿದ್ದ ನನ್ನ ತಮ್ಮ ಹೇಳೋನು, "ಅದು ಕಡಲಿಂದ ಏಳೋದು ಕಣಣ್ಣ. ಘಟ್ಟ ಹತ್ತಿ ಬರೋ ಒತ್ಗೆ ಸುಸ್ತಾಗ್ಬುಟ್ಟಿರ್ತದೆ." ಕಡಲು ನಾನು ಕಂಡೋನಲ್ಲ. ತೂರೋಕೆ ಸುಸ್ತಾದ ಗಾಳಿಯೇ ಒಳ್ಳೇದು. ಹೊಟ್ಟು ಹಾರುತ್ತೆ, ಕಾಳು ಹಾರಲ್ಲ.

ನಾಲ್ಕನೇ ಸಂಜೆ ಆ ಗಾಳಿ ಬಂತು. ಮೂರು ಕಾಲಿನ ಎತ್ತರದ ಮಣೆ ಹತ್ತಿದೆ. ತಮ್ಮ ಕೆಳಗಿಂದ ಮೊರ ತುಂಬಿ ತುಂಬಿ ಕೊಟ್ಟ. ಅರ್ಧ ಆಗಿತ್ತೋ ಇಲ್ಲವೋ, ಹೆರಿಗೆಗೆ ಬಂದಿದ್ದ ಮಗಳ ಹತ್ತಿರ ಇದ್ದ ನನ್ನ ಹೆಂಡತಿ ಓಡಿ ಬಂದಳು.

"ಮಗೀಗೆ ನೋವು ಜೋರಾಗೈತೆ. ಗಾಡಿ ಕಟ್ಟಿ, ಸೂಲಗಿತ್ತೀನ ಕರ್ಕಂಬರ್ಬೇಕು."

ತೂರೋನು ಮಣೆ ಮೇಲೆ ಮಾತಾಡಬಾರದು, ರಾಶಿ ಮುಗಿಯೋಗಂಟ ಇಳಿಯಬಾರದು, ಇಳಿದರೆ ಹುಲುಸು ಹೋಗುತ್ತೆ ಅಂತ ನಮ್ಮ ಕಡೆ ಕಟ್ಟುಪಾಡು. ನಾನು ಅಂಗೈ ಎತ್ತಿ ತಾಳು ಅಂತ ತೋರಿಸಿದೆ.

"ಗಾಳಿ ಮಗಳಿಗಿಂತ ಎಚ್ಚಾಯ್ತಾ?" ಅಂದವಳೇ ಸೂಲಗಿತ್ತಿಯ ಊರಿನ ಕಡೆ ನಡೆದೇ ಹೋದಳು. ಮನೇಲಿ ಮಗಳ ಹತ್ತಿರ ನನ್ನ ತಾಯಿ ಒಬ್ಬಳೇ, ಅವಳಿಗೋ ಕಣ್ಣು ಮಂಜು.

ಕಟ್ಟುಪಾಡಿಗೆ ನಿಂತೆ ಅನ್ನೋದು ಸುಳ್ಳು. ಗಾಳಿ ನಾಳೆ ಬರುತ್ತೋ ಇಲ್ಲವೋ ಅಂತ ನಿಂತೆ. ತಮ್ಮನನ್ನಾದರೂ ಕಳಿಸಬಹುದಿತ್ತು. ಮೊರ ತುಂಬಿ ಕೊಡೋರು ಯಾರು ಅಂತ ಕಳಿಸಲಿಲ್ಲ. ಅವನು ಎರಡು ಸಲ ನನ್ನ ಮುಖ ನೋಡಿದ. ನಾನು ಮೊರಕ್ಕೆ ಕೈ ಚಾಚಿದೆ.

ರಾಶಿ ಮುಗಿಸಿ ಮನೆಗೆ ಬಂದಾಗ ಕೂಸು ಹುಟ್ಟಿತ್ತು. ಸೂಲಗಿತ್ತಿ ಬಾಗಿಲು ದಾಟೋ ಹೊತ್ತಿಗೇ ತಲೆ ಕಂಡಿತ್ತಂತೆ. ಹುಟ್ಟಿದ ಮೇಲೂ ಅಳಲಿಲ್ಲವಂತೆ, ಬೆನ್ನು ತಟ್ಟಿ ತಟ್ಟಿ ಅಳಿಸಿದಳಂತೆ. "ಇನ್ನೊಂಚೂರು ತಡ ಆಗಿದ್ರೆ ನನ್ನ ಕೇಳ್ಬೇಡಿ ಯಜಮಾನ್ರೇ" ಅಂದಳು.

ಬಾಗಿಲ ಹೊರಗೇ ನಿಂತು ಮಗಳಿಗೆ "ತಪ್ಪಾಯ್ತು ಕಣವ್ವ" ಅಂದೆ.

"ರಾಶಿ ಪೂರ್ತಿ ಆಯ್ತೇನಪ್ಪ?" ಅಂದಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ತಡಕೊಳ್ತಿದ್ದೆ.

ದೀಪ ಹಚ್ಚಿದ ಮೇಲೆ ಎಲ್ಲರೂ ಉಣ್ಣೋಕೆ ಕೂತೆವು. ತಾಯಿ, ತಮ್ಮ, ನನ್ನ ಎದುರಿಗೆ ಸೂಲಗಿತ್ತಿ, ಒಳಕೋಣೆಯಲ್ಲಿ ಬಾಣಂತಿ. ಹೆಂಡತಿ ನನ್ನ ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು. ಸಂಜೆಯಿಂದ ನನ್ನ ಜೊತೆ ಮಾತಾಡಿರಲಿಲ್ಲ.

"ಉಣ್ಣಿ, ತಾತ" ಅಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಇನ್ನೂ ಮುಟ್ಟದ ನನ್ನ ತಟ್ಟೆಯನ್ನು ಸೂಲಗಿತ್ತಿಯ ಮುಂದಕ್ಕೆ ಸರಿಸಿದೆ, ಮೊದಲು ಅವಳು ಉಣ್ಣಲಿ ಅಂತ.