ಆಡು ಮೇಯ್ದ ಚರಣ

ಚಿಕ್ಕಂದಿನ ಹಾಡು ತನಗೆ ಪೂರ್ತಿ ಬರುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಪಲ್ಲವಿ ಬರುತ್ತದೆ, ಒಪ್ಪೋಣ. ಮೊದಲನೆಯ ಚರಣವೂ ಬರುತ್ತದೆ, ಕೈ ಬೀಸಿ ಹಾಡುತ್ತಾರೆ. ಎರಡನೆಯ ಚರಣ ಹತ್ತಿರ ಬಂದಿತೋ, ಒಬ್ಬರಿಗೆ ಕೆಮ್ಮು ಶುರುವಾಗುತ್ತದೆ, ಇನ್ನೊಬ್ಬರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ, ಉಳಿದವರು ‘ಲಾ ಲಾ ಲಾ’ ಎನ್ನುತ್ತ ಹೇಗೋ ದಾಟಿಕೊಳ್ಳುತ್ತಾರೆ. ನೀವೂ ಒಮ್ಮೆ ಮನಸ್ಸಿನಲ್ಲೇ ಹಾಡಿ ನೋಡಿ. ನಾನು ಕಾಯುತ್ತೇನೆ.

ಬರಲಿಲ್ಲ ಅಲ್ಲವೇ? ನಾಚಿಕೊಳ್ಳಬೇಡಿ, ನನ್ನ ಪಾಡು ಇನ್ನೂ ಕಡೆ. ನಾನು ಬೆಳೆದ ನಾಗನೂರಿನಲ್ಲಿ, ನಮ್ಮ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಹಾಡಿಗೆ ಎರಡನೆಯ ಚರಣವೊಂದಿದೆ ಎಂಬುದೇ ನಮ್ಮ ವಾರಗೆಯ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಆಡು ಮೇಯ್ದಿತ್ತು.

ಹಾಡು ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಈಗಲೇ ಮೊಬೈಲ್ ತೆಗೆದು ಹುಡುಕಿ, ‘ಇದೆಯಲ್ಲ ಚರಣ’ ಎಂದು ನನ್ನ ಬಾಯಿ ಮುಚ್ಚಿಸುತ್ತೀರಿ. ನಾಯಕ ಚಂದ್ರನನ್ನು ತಂದುಕೊಡುತ್ತೇನೆ ಎನ್ನುತ್ತಾನೆ, ನಾಯಕಿ ಅದನ್ನು ಮನೆಯಲ್ಲಿ ಎಲ್ಲಿಡುವುದು ಎಂದು ಕೇಳದೆ ಒಪ್ಪಿಕೊಳ್ಳುತ್ತಾಳೆ. ಆ ಜಾತಿಯ ಹಾಡು. ಇಷ್ಟು ಸಾಕು.

ಆಗ ನಮ್ಮೂರಿಗೆ ಹಾಡು ಬರುತ್ತಿದ್ದದ್ದು ಮೈಕ್‌ಸೆಟ್ಟಿನ ರಾಜೇಸಾಬ್ ಕಾಕಾನ ಕೈಯಿಂದ. ಕೂಸಿಗೆ ಹೆಸರಿಡಲಿ, ಹೊಸ ಮನೆಗೆ ಹಾಲು ಉಕ್ಕಿಸಲಿ, ಮದುವೆಗೆ ಹಂದರ ಹಾಕಲಿ, ಕಾಕಾ ಬೇವಿನ ಮರ ಹತ್ತಿ ಕಹಳೆಯಂಥ ಸ್ಪೀಕರ್ ಕಟ್ಟುತ್ತಿದ್ದ. ಮೊದಲು ದೇವರ ಹಾಡು, ಅದು ಮುಗಿಯುತ್ತಲೇ ಚಂದ್ರನ ಹಾಡು. ಕಾರ್ಯ ಯಾರ ಮನೆಯದೇ ಆಗಲಿ, ಹಾಡು ಊರಿನದು. ಹೊಲದಲ್ಲಿ ಕಳೆ ತೆಗೆಯುವವರೂ ತಲೆ ಎತ್ತದೆ ಅದನ್ನು ಗುನುಗುತ್ತಿದ್ದರು.

ಒಂದು ದಿನ ಕ್ಯಾಸೆಟ್ಟಿನ ರೀಲು ಟೇಪಿನೊಳಗೆ ಸಿಕ್ಕಿಕೊಂಡಿತು. ಕಾಕಾ ಅದನ್ನು ಹೊರಗೆಳೆದು, ಸುಕ್ಕು ಬಿಡಲಿ ಎಂದು ಕಟ್ಟೆಯ ಮೇಲೆ ಉದ್ದಕ್ಕೆ ಹರವಿ, ಮತ್ತೆ ಸುತ್ತುವುದಕ್ಕೆ ತೊಗರಿಕಟ್ಟಿಗೆ ಹುಡುಕಲು ಹೋದ. ಕ್ಯಾಸೆಟ್ಟಿನ ಬಗ್ಗೆ ಬರೆಯುವವರೆಲ್ಲ ರೀಲು ಸುತ್ತುವ ಪೆನ್ಸಿಲನ್ನು ನೆನೆದು ಕಣ್ಣೊದ್ದೆ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಪೆನ್ಸಿಲ್ ಶಾಲೆಗೇ ಸಾಲುತ್ತಿರಲಿಲ್ಲ, ಕ್ಯಾಸೆಟ್ಟಿಗೆ ಎಲ್ಲಿಂದ ತರೋಣ? ಕಾಕಾ ಕಟ್ಟಿಗೆ ಹಿಡಿದು ಬರುವಷ್ಟರಲ್ಲಿ ಬಾಜೂ ಮನೆಯ ಕುರಿಗಾರರ ಲಕ್ಕವ್ವಾಯಿಯ ಆಡು ತನ್ನ ಪಾಲಿನದನ್ನು ಮುಗಿಸಿತ್ತು. ಬಾಯಿಯಿಂದ ಒಂದು ಗೇಣು ರೀಲು ಇನ್ನೂ ಜೋತಾಡುತ್ತಿತ್ತು.

“ಲಕ್ಕವ್ವಾ, ನಿನ್ನ ಆಡ ನನ್ನ ಕ್ಯಾಸೆಟ್ ತಿಂದೈತಿ ನೋಡ!” ಎಂದು ಕಾಕಾ ಒದರಿದ.

ಲಕ್ಕವ್ವಾಯಿ ಕ್ಯಾಸೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. “ಸುಡ್ಲಿ ನಿನ್ನ ಕ್ಯಾಸೆಟ್. ನನ್ನ ಆಡಿನ ಹೊಟ್ಟ್ಯಾಗ ಏನರ ಆದ್ರ ಯಾರ್ ನೋಡ್ತಾರ? ಹುಚ್ಚಪ್ಪಾ, ಅದನ್ಯಾಕ ಕಟ್ಟಿ ಮ್ಯಾಲ ಒಣಗಸಾಕ ಹಾಕಿದ್ದಿ, ಅದೇನ ಶಾವಗಿ ಏನು?”

ಆಡಿಗೆ ಏನೂ ಆಗಲಿಲ್ಲ. ಹಾಡಿಗೆ ಮಾತ್ರ ಆಯಿತು. ಕಾಕಾ ತನ್ನ ಮಗಳ ಉಗುರುಬಣ್ಣ ಹಚ್ಚಿ ಉಳಿದ ತುದಿಗಳನ್ನು ಕೂಡಿಸಿದ. ಅಲ್ಲಿಂದ ಮುಂದೆ ನಾಗನೂರಿನಲ್ಲಿ ಮೊದಲನೆಯ ಚರಣದ ಕೊನೆಗೆ ‘ಗುಟುಕ್’ ಎಂದು ಸದ್ದಾಗಿ ಹಾಡು ನೇರ ಮೂರನೆಯ ಚರಣಕ್ಕೆ ಹಾರುತ್ತಿತ್ತು. ನಾವು ಅದನ್ನು ಹಾಗೆಯೇ ಕಲಿತೆವು, ಗುಟುಕ್ ಸಹಿತ. ಆ ಜಾಗದಲ್ಲಿ ಚಪ್ಪಾಳೆ ಹೊಡೆಯುವುದು ನಮ್ಮ ಓಣಿಯ ಹುಡುಗಿಯರ ಪದ್ಧತಿ. ಇವತ್ತಿಗೂ ಆ ಊರಿನವರು ಎಲ್ಲಿ ಸಿಕ್ಕರೂ ನಾನು ಗುರುತು ಹಿಡಿಯುವುದು ಮುಖ ನೋಡಿ ಅಲ್ಲ, ಈ ಚಪ್ಪಾಳೆ ಕೇಳಿ.

ಬಲ್ಲವರನ್ನು ಕೇಳಿದರೆ ಪಲ್ಲವಿ ಎಂಬ ಮಾತು ಚಿಗುರಿನಿಂದ ಬಂದದ್ದು, ಚರಣವೆಂದರೆ ಪಾದ ಎನ್ನುತ್ತಾರೆ. ಹಾಡಿಗೆ ತಲೆ ಚಿಗುರು, ಕೆಳಗೆ ಕಾಲು. ಆ ಲೆಕ್ಕದಲ್ಲಿ ನಮ್ಮ ಹಾಡು ಕುಂಟು. ಆದರೆ ಕುಂಟು ಎಂದು ಗೊತ್ತಾಗಬೇಕಾದರೆ ನೆಟ್ಟಗೆ ನಡೆಯುವ ಇನ್ನೊಂದನ್ನು ನೋಡಿರಬೇಕು. ನಾವು ನೋಡಿರಲಿಲ್ಲ. ಹೀಗಾಗಿ ಕುಂಟುತ್ತಲೇ ಕುಣಿದೆವು, ಯಾರೂ ಬೀಳಲಿಲ್ಲ.

ಮುಂದೆ ನನ್ನ ಮದುವೆಯಾಯಿತು, ಹುಕ್ಕೇರಿ ಕಡೆಯ ಘೋಡಗೇರಿಯ ಹುಡುಗನ ಜೊತೆ. ನಮ್ಮ ಮನೆಯವರು ಗೋಕಾಕದಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರರು. ತರಕಾರಿ ತಂದರೂ ಚೀಲದಲ್ಲಿ ಎತ್ತರದ ಪ್ರಕಾರ ಜೋಡಿಸಿಡುವ ಜಾತಿ. ನಾನು ಅರಭಾವಿಗೆ ಬಸ್ಸಿನಲ್ಲಿ ನೌಕರಿಗೆ ಹೋಗಿಬರುವವಳು, ಚೀಲದಲ್ಲಿ ಬಾಚಣಿಕೆ ಇದೆಯೋ ಬದನೆಕಾಯಿ ಇದೆಯೋ ನನಗೇ ಗೊತ್ತಿರುವುದಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಅವರು ಸ್ಕೂಟರ್ ಒರೆಸುತ್ತ ಚಂದ್ರನ ಹಾಡು ಹಾಡುತ್ತಿದ್ದರು. ನನಗೆ ಖುಷಿಯಾಗಿ ದನಿಗೂಡಿಸಿದೆ. ಮೊದಲನೆಯ ಚರಣ ಮುಗಿಯಿತು. ನಾನು ಗುಟುಕ್ ಎಂದು ಚಪ್ಪಾಳೆ ಹೊಡೆದೆ. ಅದೇ ಹೊತ್ತಿಗೆ ಅವರು, ಪ್ರೇಮಗೀತೆ ಹಾಡುತ್ತಿದ್ದ ಮನುಷ್ಯ, ಹೆಣ್ಣುದನಿ ಮಾಡಿ ಕೂಗಿದರು:

“ಏ ಮಲ್ಲ್ಯಾ! ಎಮ್ಮಿ ಹಗ್ಗ ಹರಕೊಂಡು ಕಬ್ಬಿನ್ಯಾಗ ಹೊಕ್ಕೈತಿ, ಲಗೂನ ಬಾರೋ!”

ನಾನು ಗಾಬರಿಯಾಗಿ ಹಿತ್ತಲ ಕಡೆ ನೋಡಿದೆ. ನಮಗೆ ಎಮ್ಮೆಯೇ ಇರಲಿಲ್ಲ. ಅವರು ಒಂದು ಉಸಿರು ಬಿಟ್ಟು, ಏನೂ ಆಗದವರಂತೆ ಮೂರನೆಯ ಚರಣಕ್ಕೆ ಹೋದರು.

ಆಮೇಲೆ ಬಿಡಿಸಿ ಹೇಳಿದರು. ಇವರು ಚಿಕ್ಕವರಿದ್ದಾಗ ಮನೆಯ ಟೇಪಿನಲ್ಲಿ ತಮ್ಮ ದನಿಯನ್ನೂ ಹಾಡಿನೊಳಗೆ ಸೇರಿಸಲು ಹೋಗಿ ಕೆಂಪು ಗುಂಡಿ ಒತ್ತಿದ್ದಾರೆ. ಒತ್ತಿದರೆ ಹಳೆಯದು ಅಳಿಸಿಹೋಗುತ್ತದೆ ಎಂದು ಗೊತ್ತಿಲ್ಲ. ಇವರು ಬಾಯಿ ತೆರೆಯುವ ಮೊದಲೇ ಅವರವ್ವ ಹೊರಗಿನಿಂದ ಮಲ್ಲ್ಯಾ ಎಂದು ಇವರನ್ನೇ ಕೂಗಿದ್ದಾಳೆ, ಇವರು ಟೇಪ್ ಹಾಗೇ ಬಿಟ್ಟು ಓಡಿದ್ದಾರೆ. ಎರಡನೆಯ ಚರಣದ ಜಾಗದಲ್ಲಿ ಎಮ್ಮೆ ಬಂದು ಕೂತಿತು. ಅದೇ ಕ್ಯಾಸೆಟ್ ಓಣಿಯ ಕಾರ್ಯಗಳಿಗೆಲ್ಲ ಹೋಗಿಬರುತ್ತಿದ್ದುದರಿಂದ ಅಲ್ಲಿ ಎಷ್ಟೋ ಮದುವೆಗಳು ಎಮ್ಮೆಯ ಸಮೇತ ನಡೆದವು. ಹಾಗೆ ಒಮ್ಮೆ ಹೋದ ಕ್ಯಾಸೆಟ್ ಮರಳಿ ಬರಲೇ ಇಲ್ಲ.

ನೋಡಿ, ಒಂದೇ ಹಾಡಿನ ಒಂದೇ ಚರಣ ಕಳೆದುಕೊಂಡ ಎರಡು ಊರುಗಳ ನಡುವೆ ಆದ ಸಂಬಂಧ ಇದು. ಜಾತಕದಲ್ಲಿ ಇದು ಕೂಡಿಬಂದಿತ್ತೋ ಇಲ್ಲವೋ ಯಾರೂ ನೋಡಿರಲಿಲ್ಲ. “ನಿಮ್ಮೂರ ಆಡಿಗೆ ಹಾಡಂದ್ರ ಮೇವು” ಎಂದು ಅವರು, “ನಿಮ್ಮೂರಾಗ ಎಮ್ಮಿನ ಹಿನ್ನೆಲೆ ಗಾಯಕಿ ಬಿಡ್ರಿ” ಎಂದು ನಾನು. ಹೀಗೇ ವರ್ಷಗಳು ಕಳೆದವು.

ಆದರೆ ಒಂದು ಮಾತಿದೆ. ನಮ್ಮ ಅತ್ತೆಯನ್ನು ನಾನು ಕಂಡವಳಲ್ಲ. ನಾನು ಆ ಮನೆಗೆ ಬರುವ ಮುಂಚೆಯೇ ಹೋಗಿಬಿಟ್ಟಿದ್ದರು. ಗೋಡೆಯ ಮೇಲಿನ ಫೋಟೋ ಮಾತಾಡುವುದಿಲ್ಲ. ಅವರ ದನಿ ಎಂದು ಈ ಲೋಕದಲ್ಲಿ ಉಳಿದಿದ್ದರೆ ಅದು ಎಮ್ಮೆಯ ಆ ಒಂದು ಮಾತು, ಅದೂ ಅವರ ಮಗನ ಗಂಟಲಿನಲ್ಲಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದೆ, ನಮ್ಮ ಮನೆಯವರೂ ನಗಲಿ ಎಂದು.

ಈ ವರ್ಷ ಮಗಳು ಸುಮಾಳ ನಿಶ್ಚಯ ಮೂಡಲಗಿಯಲ್ಲಿ ಆಯಿತು, ಬೀಗರ ಊರಿನಲ್ಲೇ. ಈಗಿನ ಕಾರ್ಯಗಳಲ್ಲಿ ಉಂಗುರ ತೊಡಿಸಿದರೆ ಮುಗಿಯುವುದಿಲ್ಲ. ಹೆಣ್ಣಿನ ತಂದೆತಾಯಿ ವೇದಿಕೆಯ ಮೇಲೆ ಬಂದು, ಬರೀ ವಾದ್ಯ ನುಡಿಯುತ್ತಿರುವಾಗ ಪರದೆಯ ಮೇಲೆ ಮೂಡುವ ಸಾಲು ನೋಡಿಕೊಂಡು ಹಾಡಬೇಕಂತೆ. ಸುಮಾ ನಮ್ಮ ಹಾಡನ್ನೇ ಆರಿಸಿದಳು. ಆಮೇಲೆ ಭಯವಾಯಿತೋ ಏನೋ, ಇಬ್ಬರನ್ನೂ ಕೂಡಿಸಿಕೊಂಡು ಮಕ್ಕಳಿಗೆ ಹೇಳುವಂತೆ ಹೇಳಿದಳು.

“ಬೀಗರ ಮಂದಿ ಎಲ್ಲಾರೂ ಇರ್ತಾರ. ಅವ್ವಾ, ನೀ ಆಡ ತರಬ್ಯಾಡ. ಅಪ್ಪಾ, ನೀ ಎಮ್ಮಿ ತರಬ್ಯಾಡ. ಇಬ್ಬರೂ ಸರಳ ಹಾಡ್ರಿ, ನಿಮಗ ಕೈ ಮುಗಿತೇನಿ.”

ಮೊಬೈಲಿನಲ್ಲಿ ಆ ಎರಡನೆಯ ಚರಣವನ್ನೂ ಕೇಳಿಸಿದಳು. ಇಷ್ಟು ವರ್ಷದ ಕುತೂಹಲ, ನಾನು ಕಿವಿ ನೆಟ್ಟಗೆ ಮಾಡಿ ಕೂತೆ. ನಾಯಕ ಚಂದ್ರನ ಜೊತೆಗೆ ಒಂದಿಷ್ಟು ನಕ್ಷತ್ರಗಳನ್ನೂ ತರುತ್ತೇನೆ ಎನ್ನುತ್ತಾನೆ, ಅಷ್ಟೇ. ಆ ಆಡಿಗೆ ಒಳ್ಳೆಯ ಅಭಿರುಚಿ ಇತ್ತು ಎಂದು ಆ ದಿನ ಅನ್ನಿಸಿತು.

ನಮ್ಮ ಮನೆಯವರು ಮಾತ್ರ ಚರಣವನ್ನು ಪರೀಕ್ಷೆಗೆ ಓದಿದಂತೆ ಓದಿದರು. ಬಚ್ಚಲಲ್ಲಿ ನಕ್ಷತ್ರ, ಸ್ಕೂಟರಿನ ಮೇಲೆ ನಕ್ಷತ್ರ, ಸಂತೆಯಲ್ಲಿ ಸೌತೆಕಾಯಿ ಆರಿಸುವಾಗಲೂ ನಕ್ಷತ್ರ. ಮಗಳ ಮಾನ ಕಾಯುವ ಹಟ. ನಾನು, “ನಿಮ್ಮ ಎಮ್ಮಿನ ಪೂರಾ ಮಾರಿಬಿಟ್ರೇನು?” ಎಂದು ಕೆಣಕಿದರೆ, ಅವರು ನಗಲಿಲ್ಲ. “ಹೋಗ್ಲಿ ಬಿಡ, ಹುಡುಗಿ ಬ್ಯಾಡಂದಾಳ” ಎಂದರು. ನನಗೆ ಆ ಮಾತು ಸೇರಲಿಲ್ಲ.

ಕಾರ್ಯದ ದಿನ ವೇದಿಕೆ ಹತ್ತಿದೆವು. ಪಲ್ಲವಿ ಚೆನ್ನಾಗಿ ಬಂತು. ಮೊದಲನೆಯ ಚರಣದಲ್ಲಿ ಬೀಗರು ತಲೆದೂಗಿದರು. ಸುಮಾ ಮುಂದಿನ ಸಾಲಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು. ಚರಣ ಮುಗಿಯುತ್ತಲೇ ಹಿಂದೆ ಕೂತಿದ್ದ ನಾಗನೂರಿನ ಹೆಂಗಸರು ಗುಟುಕ್ ಎಂದು ಚಪ್ಪಾಳೆ ಹೊಡೆದೇಬಿಟ್ಟರು. ರಕ್ತದಲ್ಲಿ ಇಳಿದದ್ದು, ಅವರೇನು ಮಾಡಿಯಾರು? ನಾನು ತುಟಿ ಕಚ್ಚಿ ಸುಮ್ಮನಾದೆ. ನಮ್ಮ ಮನೆಯವರು ಒಬ್ಬರೇ ಎರಡನೆಯ ಚರಣ ಎತ್ತಿಕೊಂಡರು. ಒಂದು ಅಕ್ಷರ ತಪ್ಪಿಲ್ಲ. ಆದರೆ ಕಣ್ಣು ಪರದೆಯಲ್ಲಿ, ದನಿ ಶಾಲೆಯ ಹಾಜರಿ ಕೂಗುವಂತೆ. ಇಷ್ಟು ವರ್ಷ ಆ ಜಾಗಕ್ಕೆ ಬಂದಾಗ ಅವರ ಮುಖದಲ್ಲಿ ಒಂದು ಬೆಳಕು ಕಾಣುತ್ತಿತ್ತು, ಅದು ಇರಲಿಲ್ಲ. ಅತ್ತೆಯ ಜಾಗದಲ್ಲಿ ಯಾರೋ ನಕ್ಷತ್ರ ತಂದಿಟ್ಟಿದ್ದರು.

ಮಗಳ ಮಾನ ನೆನಪಾಗಲಿಲ್ಲ, ಬೀಗರು ನೆನಪಾಗಲಿಲ್ಲ. ಮೈಕ್ ಬಾಯಿಗೆ ಹಿಡಿದು, ಕಾಣದ ಅತ್ತೆಯ ದನಿಯಲ್ಲಿ, ಮೂಡಲಗಿಯ ಅಷ್ಟೂ ಮಂದಿಯ ಮುಂದೆ ಕೂಗಿಬಿಟ್ಟೆ: “ಏ ಮಲ್ಲ್ಯಾ! ಎಮ್ಮಿ ಹಗ್ಗ ಹರಕೊಂಡು ಕಬ್ಬಿನ್ಯಾಗ ಹೊಕ್ಕೈತಿ, ಲಗೂನ ಬಾರೋ!”

ನಮ್ಮ ಮನೆಯವರ ಹಾಡು ಅಲ್ಲೇ ನಿಂತಿತು. ವಾದ್ಯ ತನ್ನ ಪಾಡಿಗೆ ನುಡಿಯುತ್ತಿತ್ತು. ಕೆಳಗೆ ಕೂತಿದ್ದ ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ಇಷ್ಟು ವರ್ಷ ಕೂಗುವವರೂ ನಮ್ಮ ಮನೆಯವರೇ ಆಗಿದ್ದರು, ಹೀಗಾಗಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಈಗ ಬೇರೆ ಯಾರೋ ಕೂಗಿದ್ದರು. ಗಣಿತದ ಮಾಸ್ತರರು, ಇವತ್ತು ನಾಳೆ ಮಾವನಾಗುವ ಮನುಷ್ಯ, ನನ್ನ ಮುಖ ನೋಡಿ, ಮೈಕಿನಲ್ಲೇ, ಸಣ್ಣ ದನಿಯಲ್ಲಿ ಹೇಳಿದರು:

“ಬಂದ್ನಿ ಯವ್ವಾ.”

ಆಮೇಲೆ ಇಬ್ಬರೂ ಮೂರನೆಯ ಚರಣ ಹಾಡಿದೆವು. ಚೆನ್ನಾಗಿ ಹಾಡಿದೆವೋ ಕೆಟ್ಟದಾಗಿ ಹಾಡಿದೆವೋ ನನಗೆ ತಿಳಿಯದು, ಪರದೆ ಕಣ್ಣಿಗೆ ಮಸುಕಾಗಿತ್ತು. ಇಳಿದು ಬಂದಾಗ ಸುಮಾ ತಲೆ ತಗ್ಗಿಸಿ ಕೂತಿದ್ದಳು. ಅವಳ ಬಾಜೂ ಕೂತಿದ್ದ ಬೀಗಿತಿ ಗಂಭೀರವಾಗಿ ನನ್ನ ಕೈ ಹಿಡಿದುಕೊಂಡರು. ಇನ್ನೇನು, ಸಂಬಂಧ ಕಬ್ಬಿನೊಳಗೆ ಹೊಕ್ಕಿತು ಎಂದುಕೊಂಡೆ.

“ಅಲ್ರಿ ಬೀಗ್ರ,” ಎಂದರು ಅವರು, “ಎಮ್ಮಿ ಸಿಕ್ತೋ ಇಲ್ರಿ ಕಡೀಕ?”

ಸಿಕ್ಕಿತು ಎಂದೆ. ನನಗೆ ಗೊತ್ತಿರಲಿಲ್ಲ, ಆದರೂ ಸಿಕ್ಕಿತು ಎಂದೆ. ಮೊನ್ನೆ ಸುಮಾ ಮೂಡಲಗಿಗೆ ಸೀರೆ ಆರಿಸಲು ಹೋದವಳು ಅಲ್ಲಿಂದಲೇ ಫೋನ್ ಮಾಡಿದ್ದಳು. ಆ ಮನೆಯ ಅಡುಗೆಮನೆಯಲ್ಲಿ ಬೀಗಿತಿ ರೊಟ್ಟಿ ಬಡಿಯುತ್ತ ಚಂದ್ರನ ಹಾಡು ಹಾಡುತ್ತಿದ್ದರಂತೆ. ಮೊದಲನೆಯ ಚರಣ ಮುಗಿಸಿ, ರೊಟ್ಟಿ ಬಡಿಯುವ ಕೈಯಲ್ಲೇ ಒಂದು ಚಪ್ಪಾಳೆ ಹೊಡೆದು, ನಮ್ಮ ಅತ್ತೆಯ ಎಮ್ಮೆಯನ್ನು ದೊಡ್ಡ ದನಿಯಲ್ಲಿ ಕೂಗಿದರಂತೆ. ಹೊರಗೆ ಕೂತಿದ್ದ ಅವರ ಮಗ, ನಮ್ಮ ಅಳಿಯನಾಗುವವನು, ಪೇಪರಿನಿಂದ ತಲೆ ಎತ್ತದೆ “ಬಂದ್ನಿ ಯವ್ವಾ” ಅಂದನಂತೆ.