ಕಾರಿನ ಹಣೆಯ ವಿಭೂತಿ

ಉಮದಿಯ ಕನ್ನಡ ಶಾಲೆಗೆ ನಾನು ಹೊಸದಾಗಿ ಬಂದ ವರ್ಷ, ವಾರದ ಬಾಜಾರದಲ್ಲಿ ಹೆಂಡತಿಗೆಂದು ರವಿಕೆಯ ಖಣವೊಂದನ್ನು ಕೊಂಡಿದ್ದೆನು. ಸಂಜೆ ಒಬ್ಬ ತರುಣನು ಬೆವರು ಸುರಿಸುತ್ತ ಮನೆ ಹುಡುಕಿಕೊಂಡು ಬಂದನು.

“ಮಾಸ್ತರ್ರ, ಆ ಖಣ ಇತ್ತ ಕೊಡ್ರಿ, ಇದ ತಗೋರಿ. ಅದರ ಜೋಡಿದಕ್ಕ ಇಲಿ ಕಡದೈತಿ. ನಿಮ್ಮದಕ್ಕೂ ಕಡದಿರಬೇಕು.”

ನಾವಿನ್ನೂ ಅದನ್ನು ಬಿಚ್ಚಿಯೂ ನೋಡಿರಲಿಲ್ಲ. “ಮುಂದಿನ ವಾರ ಕೊಟ್ಟಿದ್ರ ನಡೀತಿತ್ತಲ್ಲಪಾ” ಎಂದೆನು.

“ಕೆಟ್ಟ ಮಾಲು ಮಾರಿದ್ರ ಅದು ಇನ್ನೂ ನನ್ನ ಮಾಲ ರೀ” ಎಂದನು.

ಅವನೇ ಯಳವಿ ಎಂಬ ಊರಿನ ಸಿದ್ದಾರೂಢ. ಅಂದಿನಿಂದ ಅವನು ಮಾರುವ ರೀತಿ ಬದಲಾಗಲಿಲ್ಲ. ಬದಲಾದವರು ಅವನಿಗೆ ಮಾರುವವರು. ಅವನ ಹೆಂಡತಿ ಸಂಗವ್ವನ ಮೊಬೈಲಿನ ಬ್ಯಾಟರಿ ಉಬ್ಬಿದಾಗ, ಅದನ್ನು ಬಿಚ್ಚಲು ಬಾರದಂತೆ ಅಂಟು ಹಾಕಿದ್ದಾರೆಂದು ತಿಳಿಯಿತು. ಹೊಸದನ್ನು ಕೊಂಡರೆ ಪೆಟ್ಟಿಗೆಯಲ್ಲಿ ಚಾರ್ಜರೇ ಇಲ್ಲ. “ಚಪ್ಪಲಿ ಮಾರಿ ಉಂಗುಟ ಬ್ಯಾರೆ ಮಾರಿದಂಗಾತು” ಎಂದು ಅಂಗಡಿಯಲ್ಲಿಯೇ ರೇಗಿದ್ದನು. ಅವನು ರೇಗಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಹೋದ ವರ್ಷ ಹಳೆಯ ಗಾಡಿಯನ್ನು ಕೊಟ್ಟು ಹೊಸ ಕಾರನ್ನು ತಂದನು. ಬಟ್ಟೆಯ ಗಂಟುಗಳು ಹಿಡಿಸುವಂಥ ಸಾದಾ ಕಾರು ಸಾಕೆಂದು ಕೇಳಿದ್ದನಂತೆ. ಸಾದಾದು ಬರುವುದು ನಿಂತಿದೆ ಎಂದು ಷೋರೂಮಿನವರು, ಎದುರಿಗೆ ಏನಾದರೂ ಬಂದರೆ ತಾನೇ ಬ್ರೇಕು ಹಾಕುವ ಕಾರನ್ನು ಹೆಚ್ಚಿನ ಬೆಲೆಗೆ ಅವನ ಕೊರಳಿಗೆ ಕಟ್ಟಿದರು. ಅದರ ಕಣ್ಣು ಎಲ್ಲಿದೆ, ಅದನ್ನು ಹೇಗೆ ಕಾಯಬೇಕು ಎಂದು ಹೇಳಿದವರು ಯಾರೂ ಇಲ್ಲ. ಕೊಟ್ಟ ದಪ್ಪ ಪುಸ್ತಕವು ಇಂಗ್ಲಿಷಿನಲ್ಲಿತ್ತು.

ಖಂಡೇನವಮಿಯ ಆಯುಧಪೂಜೆ ಬಂದಿತು. ಅವರ ಮನೆಯಲ್ಲಿ ಅಂದು ಕತ್ತರಿಗೆ, ಬಟ್ಟೆ ಅಳೆಯುವ ಗಜಕ್ಕೆ ವಿಭೂತಿ ಹಚ್ಚುತ್ತಾರೆ. ತಂದೆಯ ಕಾಲದಲ್ಲಿ ಗಾಡಿಯ ಎತ್ತುಗಳ ಹಣೆಗೆ ಹಚ್ಚುತ್ತಿದ್ದರು. ಕಾರಿನ ಹಣೆ ಎಂದರೆ ಮುಂದಿನ ಗಾಜಿನ ಮೇಲ್ತುದಿಯ ನಡುಭಾಗವಲ್ಲದೆ ಇನ್ನಾವುದು? ಸಿದ್ದಾರೂಢನು ವಿಭೂತಿಯನ್ನು ಗಟ್ಟಿಯಾಗಿ ತೇಯ್ದು ಅಲ್ಲಿ ಮೂರು ಬೆರಳುಗಳಿಂದ ಎಳೆದನು. ಪೂಜೆಯ ವಿಭೂತಿಯನ್ನು ಕೈಯಿಂದ ಒರೆಸಬಾರದು, ತಾನಾಗಿ ಉದುರಬೇಕೆಂಬುದು ಅವರ ಪದ್ಧತಿ.

ಮುಂದಿನ ಬಾಜಾರಕ್ಕೆ ಹೊರಟಾಗ ಕಾರು ಕೂಗತೊಡಗಿತು. ಬರಿದಾದ ರಸ್ತೆಯಲ್ಲಿ ತಾನಾಗಿಯೇ ನಿಂತಿತು, ಗಂಟುಗಳೆಲ್ಲ ಸಂಗವ್ವನ ಹೆಗಲ ಮೇಲೆ ಬಿದ್ದವು. ಷೋರೂಮಿನವರು ಕ್ಯಾಮೆರಾ ಕೆಟ್ಟಿದೆ, ಹೊಸದು ಬರುವವರೆಗೆ ಓಡಿಸಬೇಡಿರೆಂದು ಕಾರನ್ನು ಅಲ್ಲಿಯೇ ಇರಿಸಿಕೊಂಡರು. ಹೀಗೆ ಎರಡು ಬಾಜಾರಗಳು ತಪ್ಪಿದವು.

ಉಮದಿಯ ಬಾಜಾರಕ್ಕೆ ತನ್ನದೇ ಕಟ್ಟಳೆಯಿದೆ. ಸಾಲಾಗಿ ಮೂರು ವಾರ ಮಾಲು ಹರಡದವನ ಜಾಗ ಇನ್ನೊಬ್ಬನಿಗೆ ಹೋಗುತ್ತದೆ. ಬೇವಿನ ಮರದ ಕೆಳಗಿನ ಆ ಜಾಗ ಸಿದ್ದಾರೂಢನ ತಂದೆಯದು. ಗಿರಾಕಿಗಳು ಮರವನ್ನು ನೋಡಿಯೇ ಅವನನ್ನು ಹುಡುಕುತ್ತಾರೆ. ಅದು ದಾಳಿಂಬೆಯ ಸುಗ್ಗಿ. ಬಾಡಿಗೆಗೆ ಒಂದೂ ಟೆಂಪೋ ಸಿಗಲಿಲ್ಲ. ಅಷ್ಟು ದೊಡ್ಡ ಗಂಟುಗಳನ್ನು ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ.

ಮೂರನೆಯ ಬಾಜಾರದ ಹಿಂದಿನ ದಿನ ಅವನು ನನ್ನಲ್ಲಿಗೆ ಬಂದನು. “ಮಾಸ್ತರ್ರ, ನೀವೂ ಬರ್ರಿ. ನೀವು ಎದುರಿಗಿದ್ರ ನನ್ನ ಬಾಯಿಂದ ಕೆಟ್ಟ ಮಾತು ಬರೂದಿಲ್ಲ.”

ಷೋರೂಮಿನಲ್ಲಿ ದತ್ತಾ ಎಂಬ ನೌಕರನು ನಮ್ಮಿಬ್ಬರನ್ನೂ ಜೊತೆಗೆ ಬಂದಿದ್ದ ಸಂಗವ್ವನನ್ನೂ ತಂಪಾದ ಕೋಣೆಯಲ್ಲಿ ಕುಳ್ಳಿರಿಸಿದನು. “ಕಾಕಾ, ಆ ಕ್ಯಾಮೆರಾ ಹೊರದೇಶದಿಂದ ಬರಬೇಕ್ರಿ. ಆಮದು ಸುಂಕ ಏರೇತಿ. ರೇಟು ನಮ್ಮ ಕೈಯಾಗಿಲ್ಲ.”

“ನೂಲಿನ ರೇಟು ಏರಿದ್ರ ನಾ ಗಿರಾಕಿಗಿ ಖಣ ತೋರಸೂಮುಂದ ಹೇಳತೀನಿ. ನೀವು ಕಾರು ಒಳಗ ಇಟಗೊಂಡ ಮ್ಯಾಲ ಹೇಳತೀರಿ. ಗ್ಯಾರಂಟಿ ಇಲ್ಲೇನು?”

“ಐತ್ರಿ. ಕ್ಯಾಮೆರಾಕ್ಕ ಹತ್ತೂದಿಲ್ಲ.”

“ಬೇಕು ಅಂದದ್ದಕ್ಕ ಗ್ಯಾರಂಟಿ, ಬ್ಯಾಡಂದ್ರೂ ಕಟ್ಟಿದ್ದಕ್ಕ ಇಲ್ಲ! ಕೇಳಿದ್ರೇನ್ರಿ ಮಾಸ್ತರ್ರ?”

ಕೇಳಿದೆನು. ಕೆಟ್ಟ ಮಾತು ನನ್ನ ಬಾಯಿಗೇ ಬರುವಂತಿತ್ತು.

ಸಂಗವ್ವ ಹೊರಗೆ ಅಂಗಳದಲ್ಲಿದ್ದ ತನ್ನ ಕಾರಿನ ಬಳಿ ಹೋದಳು. ಹಣೆಯ ವಿಭೂತಿ ಹಾಗೆಯೇ ಇತ್ತು. “ಮಂದಿ ಅಂಗಳದಾಗ ಅನಾಥ ಬಿದ್ದೀ, ನಿನ್ನ ವಿಭೂತಿ ನಮ್ಮ ಹಣಿಮ್ಯಾಲರ ಇರಲಿ” ಎಂದು ಸೆರಗನ್ನು ನೀರಿನಲ್ಲಿ ಅದ್ದಿ, ಅದನ್ನೆಲ್ಲ ತೆಗೆದು, ಕಣ್ಣಿಗೊತ್ತಿಕೊಂಡು, ತನ್ನ ಹಣೆಗೂ ಹೊರಬಂದ ಗಂಡನ ಹಣೆಗೂ ಹಚ್ಚಿದಳು. ಅಷ್ಟರಲ್ಲಿ ಕೆಲಸದವನೊಬ್ಬನು ಕಾರನ್ನು ಬದಿಗೆ ನಿಲ್ಲಿಸಲು ಚಾಲು ಮಾಡಿದನು. ಕಾರು ಕೂಗಲಿಲ್ಲ. ಹಿಂದೆ ಮುಂದೆ ಓಡಿಸಿದರೂ ಕೂಗಲಿಲ್ಲ.

ದತ್ತಾ ಗಾಜನ್ನು ನೋಡಿದನು. “ಕಾಕಾ, ಕ್ಯಾಮೆರಾ ಮ್ಯಾಲ ವಿಭೂತಿ ಹಚ್ಚಿದ್ರಿ. ಚೂಕ ನಿಮ್ಮದೇ.”

“ಹೌದು, ಚೂಕ ನಂದ. ಇಷ್ಟು ದಿನ ನಿಮ್ಮ ಕಡೆ ಇತ್ತಲ್ಲ, ಒಬ್ಬರರ ಒರಸಿ ನೋಡಲಿಲ್ಲ?”

“ದೇವರದು ಅಂತ ಮುಟ್ಟಲಿಲ್ರಿ.”

“ದೇವರ ವಿಭೂತಿ ಮುಟ್ಟಾಕ ಅಂಜಿಕಿ ಬಂತು,” ಎಂದಳು ಸಂಗವ್ವ, “ಗಿರಾಕಿ ಕಿಸೆ ಮುಟ್ಟಾಕ ಬರಲಿಲ್ಲೇನಪಾ?”

ಅಷ್ಟಾದರೂ ದತ್ತಾ, ಕ್ಯಾಮೆರಾ ತರಿಸಲು ಹೇಳಿಯಾಗಿದೆ, ಕೊಳ್ಳಲೇಬೇಕೆಂದನು. ಸಿದ್ದಾರೂಢನ ದನಿ ಏರಲಿಲ್ಲ. “ಒಳ್ಳೇದಿದ್ದ ಸಾಮಾನು ಕೆಟ್ಟೈತಿ ಅಂತ ಹೇಳಿ ಇನ್ನೊಂದು ಮಾರಾಕ ಹೊಂಟೀರಿ. ಇದಕ್ಕ ನಮ್ಮ ಬಾಜಾರದಾಗ ವ್ಯಾಪಾರ ಅನ್ನೂದಿಲ್ಲ. ಕೀಲಿ ಕೊಡು.” ಅಲ್ಲಿ ಕಾರು ನೋಡಲು ಬಂದಿದ್ದ ಗಿರಾಕಿಗಳೆಲ್ಲ ತಿರುಗಿ ನೋಡುತ್ತಿದ್ದರು. ದತ್ತಾ ಕೀಲಿ ಕೊಟ್ಟನು. ತಪ್ಪಾಯಿತೆಂಬ ಮಾತನ್ನು ಮಾತ್ರ ಕೊಡಲಿಲ್ಲ.

ಮರುದಿನ ನಸುಕಿನಲ್ಲಿ ಸಿದ್ದಾರೂಢನು ಬೇವಿನ ಮರದ ಕೆಳಗೆ ತಾಡಪತ್ರಿ ಹಾಸಿದನು. ಪಕ್ಕದಲ್ಲಿ ಕಂಬಳಿ ಮಾರುವ ಬೀರದೇವನು ತನ್ನ ಕಂಬಳಿಯ ಅಂಚನ್ನು ಆಗಲೇ ಆ ಜಾಗಕ್ಕೆ ಚಾಚಿದ್ದನು. “ಬಂದೇನೋ? ಇವತ್ತ ನಿನ್ನ ನೆರಳಾಗ ಉಣಬೇಕಂತ ಬುತ್ತಿ ತಂದಿದ್ನಿ” ಎಂದು ನಗುತ್ತ ಹಿಂದಕ್ಕೆ ಎಳೆದುಕೊಂಡನು.

ಸಿದ್ದಾರೂಢ ಈಗಲೂ ಅಲ್ಲಿಯೇ ಖಣ ಮಾರುತ್ತಾನೆ. ಷೋರೂಮಿನಿಂದ ಅವನ ಮೊಬೈಲಿಗೆ ಆಗಾಗ ಕರೆ ಬರುತ್ತದೆ. ನಮ್ಮ ಸೇವೆಗೆ ಎಷ್ಟು ಅಂಕ ಕೊಡುವಿರಿ ಎಂದು ಹೆಣ್ಣುದನಿಯೊಂದು ಕೇಳುತ್ತದೆ. ಅದು ಯಂತ್ರವೆಂದು ನಾನು ಹೇಳಿದ್ದೇನೆ. ಆದರೂ ಅವನು ಪ್ರತಿ ಸಲವೂ ಖಂಡೇನವಮಿಯಿಂದ ಆರಂಭಿಸಿ ನಡೆದುದನ್ನೆಲ್ಲ ಅದಕ್ಕೆ ಹೇಳುತ್ತಾನೆ. ಬಾಜಾರದ ದಿನ ಯಾರಾದರೂ ಹೊಸ ಕಾರನ್ನು ಪೂಜೆಗೆಂದು ಗುಡಿಯ ಮುಂದೆ ತಂದು ನಿಲ್ಲಿಸಿದರೆ, ಗಜವನ್ನು ಸಂಗವ್ವನ ಕೈಗಿತ್ತು ಓಡುತ್ತಾನೆ.

“ಹಣಿ ಬಿಡ್ರಿ, ಹಣಿ ಬಿಡ್ರಿ! ಗಾಲಿಗಿ ಹಚ್ಚರಿ!”