ಒಡೆಯದೆ ಉಳಿದ ಕಾಯಿ

ಗುಡ್ಡ ಹತ್ತುವುದು, ಹತ್ತಿದ್ದನ್ನು ಬರೆದು ಊರಿಗೆಲ್ಲ ಹೇಳುವುದು ನನ್ನ ಚಟ. ಎರಡು ವರ್ಷದ ಹಿಂದೆ ಅಜೆಕಾರಿನಿಂದಾಚೆ, ಬಸ್ಸಿಳಿದ ಮೇಲೂ ಅರ್ಧ ದಿನ ನಡೆಯಬೇಕಾದ ಘಟ್ಟದ ಬದಿಗೆ ಹೋಗಿದ್ದೆ. ದಾರಿ ತೋರಿಸಲು ಬಂದವರು ಕಾಡಂಚಿನ ಕೊನೆಯ ಮನೆಯ ಅಕ್ಕ.

"ಆ ಬಂಡೆಯ ಬದಿ ಬೇಡ ಸರ್, ಪಾಚಿ ಉಂಟು," ಎಂದರು. ಹೇಳಿದ ಮಾತು ಕೇಳಿದ್ದರೆ ನಾನು ಯಾವತ್ತೋ ಉದ್ಧಾರವಾಗುತ್ತಿದ್ದೆ! ಹೋದೆ, ಜಾರಿದೆ. ಒಂದು ಬೇರು ಕೈಗೆ ಸಿಕ್ಕಿತು. ಕಾಲಡಿ ಬರೀ ಮಂಜು.

ಅಕ್ಕ ಬಂಡೆಯ ಮೇಲೆ ಬೋರಲು ಮಲಗಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಅಲ್ಲಿಂದಲೇ ದೈವಕ್ಕೆ ಕೂಗಿ ಹರಕೆ ಹೇಳಿದರು: ಈ ಜೀವ ಉಳಿದರೆ ಇವರ ಕೈಯಿಂದಲೇ ನಿನಗೊಂದು ತೆಂಗಿನಕಾಯಿ ಒಡೆಸುತ್ತೇನೆ, ಅಲ್ಲಿಯ ತನಕ ನಾನು ಮೀನು ಮುಟ್ಟುವುದಿಲ್ಲ. ಆಮೇಲೆ ಎಳೆದರು. ಮೇಲೆ ಬಂದು ಬಿದ್ದವನು ಬಿದ್ದಲ್ಲಿಂದಲೇ, "ಬರುವ ತಿಂಗಳೇ ಕಾಯಿ ತರುತ್ತೇನೆ ಅಕ್ಕ," ಎಂದೆ.

ತರಲಿಲ್ಲ. ಉದ್ಯಾವರದ ಮನೆಯಲ್ಲಿ ಕೂತು ಪ್ರವಾಸದ ಲೇಖನ ಬರೆದೆ, ಹೊಗಳಿಸಿಕೊಂಡೆ. ಇಗರ್ಜಿಗೆ ಹೋಗುವ ಕ್ರೈಸ್ತನಿಗೆ ದೈವದ ಕಾಯಿ ಎಂಥದ್ದು ಎಂಬ ನೆಪವೂ ಸಿಕ್ಕಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಮೀನಿಲ್ಲದೆ ನನಗೆ ಅನ್ನ ಇಳಿಯುವುದಿಲ್ಲ. ಆ ಎರಡು ವರ್ಷವೂ ದಿನಾ ತಿಂದೆ.

ಮೊನ್ನೆ ಕಾರ್ಕಳದ ಮೀನು ಮಾರ್ಕೆಟಿನಲ್ಲಿ ಬಂಗುಡೆ ಚೀಲಕ್ಕೆ ಹಾಕಿಸುತ್ತಿದ್ದೆ. ಪಕ್ಕದಲ್ಲಿ ಅಕ್ಕ ನಿಂತಿದ್ದರು.

"ಮನೆಯವರಿಗೆ ತೆಗೆದುಕೊಳ್ಳುವುದು ಸರ್. ನನಗೆ ಹರಕೆ ಉಂಟಲ್ವಾ?"

"ಇನ್ನೂ ಬಿಟ್ಟೇ ಇದ್ದೀರಾ ಅಕ್ಕ?"

"ಎಂತ ಮಾಡುವುದು? ನೀವು ಬರಲಿಲ್ಲ."

ಸಿಟ್ಟಿಲ್ಲ, ಕೊಂಕಿಲ್ಲ. ನಾಲ್ಕು ಬೈದಿದ್ದರೆ ವಾಸಿಯಿತ್ತು. ಕೈಯಲ್ಲಿದ್ದ ಚೀಲವನ್ನು ಎಲ್ಲಿ ಅಡಗಿಸಲಿ ಎಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡೆ. ಥೂ, ನಾನೂ ಒಬ್ಬ ಮನುಷ್ಯನೇ ಅನ್ನಿಸಿತು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಮರುದಿನವೇ ಕಾಯಿ ಹಿಡಿದುಕೊಂಡು ಹತ್ತಿದೆ. ಅಕ್ಕ ಮುಂದೆ ನಡೆದರು. ದೈವದ ಕಲ್ಲಿನೆದುರು ಕಾಯಿ ಒಡೆದು ಇಟ್ಟೆ. ತಪ್ಪಾಯಿತು ಎನ್ನಲು ನಾನು ಬಾಯಿ ತೆರೆಯುವ ಮೊದಲೇ ಅವರು ಕೈ ಮುಗಿದು ದೈವಕ್ಕೆ ತುಳುವಿನಲ್ಲಿ ಹೇಳತೊಡಗಿದರು:

"ತಡವಾಯಿತು, ಕೋಪ ಮಾಡಬೇಡ. ಇವರದ್ದೇನೂ ತಪ್ಪಿಲ್ಲ. ಇಲ್ಲಿಗೆ ಬರುವ ದಾರಿಯನ್ನು ನಾನೇ ಸರಿಯಾಗಿ ಹೇಳಿರಲಿಲ್ಲ."